ಕರ್ಮದ ಕೊನೆಯ ಕರ್ಮ



ಗುಡಿ, ಪೂಜೆ, ಮಡಿಗಳೆಲ್ಲ ಮತದ ಪಾಲು, ಆತ್ಮಾನುಭವವೊಂದೇ ಅಧ್ಯಾತ್ಮದ ಪಾಲು, ಇವೆರಡಕ್ಕೂ ನಂಟಿಲ್ಲ ಎಂಬ ಮಾತು ಈಚೆಗೆ ವಿದ್ಯಾವಂತರಲ್ಲಿ ಬಹಳವಾಗಿ ಕೇಳಿಬರುತ್ತಿದೆ. ವಿಭಾಗವೇನೋ ಹಳೆಯದೇ. ಜೈಮಿನಿಯ ಸೂತ್ರಗಳು ಧರ್ಮಜಿಜ್ಞಾಸೆಯಿಂದ ತೊಡಗಿದರೆ ಬಾದರಾಯಣರವು ಬ್ರಹ್ಮಜಿಜ್ಞಾಸೆಯಿಂದ ತೊಡಗುತ್ತವೆ. ಮೊದಲನೆಯದು ಮುಗಿದ ಹೊರತು ಎರಡನೆಯದಕ್ಕೆ ಅಧಿಕಾರವಿಲ್ಲವೆ ಎಂಬ ಪ್ರಶ್ನೆಯನ್ನೆತ್ತಿದ ಶಂಕರಾಚಾರ್ಯರು, ವಿವೇಕ, ವೈರಾಗ್ಯ, ಶಮದಮಾದಿಗಳು, ಮುಮುಕ್ಷುತ್ವ ಇವಿದ್ದರೆ ಸಾಕೆಂದು ತೀರ್ಪಿತ್ತರು. ಆದರೆ ಬೇರೆಯಾದುದೆಲ್ಲ ವಿರೋಧಿಯಾಗಬೇಕಿಲ್ಲ.

ಮುಂಡಕೋಪನಿಷತ್ತಿನಲ್ಲಿ ಶೌನಕನಿಗೆ ಉತ್ತರವೀಯುವ ಅಂಗಿರಸನು ನಾಲ್ಕು ವೇದಗಳನ್ನೂ ಆರು ವೇದಾಂಗಗಳನ್ನೂ ಅಪರವಿದ್ಯೆ, ಎಂದರೆ ಕೆಳಗಿನ ವಿದ್ಯೆ, ಎಂದೇ ಎಣಿಸುತ್ತಾನೆ. ಯಜ್ಞಗಳನ್ನೇ ಶ್ರೇಯಸ್ಸೆಂದು ನೆಚ್ಚಿದವರನ್ನು ಮೂಢರೆನ್ನಲೂ ಅಳುಕುವುದಿಲ್ಲ. ಇಷ್ಟು ಕಟುವಾಗಿ ನುಡಿದ ಅದೇ ಉಪನಿಷತ್ತು ಮುಗಿಯುವಲ್ಲಿ, ಶಿರೋವ್ರತವನ್ನು, ಎಂದರೆ ತಲೆಯ ಮೇಲೆ ಅಗ್ನಿಯನ್ನು ಧರಿಸುವ ಆಥರ್ವಣಿಕರ ವ್ರತವನ್ನು, ವಿಧಿಯಂತೆ ನಡೆಸದವನಿಗೆ ಈ ಬ್ರಹ್ಮವಿದ್ಯೆಯನ್ನು ಹೇಳಕೂಡದೆಂದು ಕಟ್ಟಳೆ ಮಾಡುತ್ತದೆ. ಇದನ್ನು ಯಾರೋ ಆಮೇಲೆ ಸೇರಿಸಿದ್ದೆಂದು ತಳ್ಳಿಹಾಕುವುದು ಸುಲಭ. ಹಾಗೆ ತಳ್ಳುವುದರಿಂದ ಪಠ್ಯ ಚೊಕ್ಕಟವಾದೀತೇ ಹೊರತು ಅರ್ಥ ತಿಳಿಯಾಗದು.

ಕರ್ಮಕ್ಕೂ ಬ್ರಹ್ಮವಿದ್ಯೆಗೂ ಇರುವ ಸಂಬಂಧ ಕಣ್ಣಿಗೆ ಕಾಣುವಂತೆ ನಡೆಯುವುದು ಸಂನ್ಯಾಸವಿಧಿಯಲ್ಲಿ. ಅದ್ವೈತ ಸಂಪ್ರದಾಯದಲ್ಲಿ ಸಂನ್ಯಾಸವನ್ನು ಬಯಸಿದವನು ದೇವರ್ಷಿಪಿತೃಗಳ ಶ್ರಾದ್ಧಗಳನ್ನು ನಡೆಸಿ, ತನ್ನ ಶ್ರಾದ್ಧವನ್ನೂ ತಾನೇ ಮಾಡಿಕೊಂಡು, ವಿರಜಾಹೋಮದ ಆಹುತಿಗಳನ್ನು ಅರ್ಪಿಸಿ, ಸರ್ವಭೂತಗಳಿಗೂ ಅಭಯವನ್ನಿತ್ತು, ಶಿಖೆಯನ್ನೂ ಯಜ್ಞೋಪವೀತವನ್ನೂ ತ್ಯಜಿಸುತ್ತಾನೆ. ಅಲ್ಲಿಂದ ಮುಂದೆ ಅವನಿಗೆ ಅಗ್ನಿಕಾರ್ಯವಿಲ್ಲ, ದೇಹಾಂತ್ಯದಲ್ಲಿ ದಹನವೂ ಇಲ್ಲ. ಕರ್ಮವನ್ನು ಬಿಡುವ ಕ್ರಮವನ್ನು ಕರ್ಮಕಾಂಡವೇ ಒದಗಿಸಿಕೊಟ್ಟಿತೆಂಬುದು, ತನ್ನ ಅಧಿಕಾರಕ್ಕೆ ಎಲ್ಲೆಯುಂಟೆಂದು ಮತವು ತಾನೇ ಒಪ್ಪಿಕೊಂಡ ಮಾತು. ಹೀಗೆ ಕರ್ಮವನ್ನು ಪೂರ್ತಿ ಬಿಡುವುದು ಎಲ್ಲರಿಗೂ ಸಮ್ಮತವಾಗಿರಲಿಲ್ಲ. ಶ್ರೀವೈಷ್ಣವರ ತ್ರಿದಂಡಿ ಯತಿಗಳು ಶಿಖೆಯನ್ನೂ ಉಪವೀತವನ್ನೂ ಉಳಿಸಿಕೊಳ್ಳುತ್ತಾರೆ. ಉಡುಪಿಯಲ್ಲಂತೂ ಅಷ್ಟಮಠಗಳ ಯತಿಗಳೇ ಕೃಷ್ಣನ ಅರ್ಚಕರು; ಮಧ್ವಾಚಾರ್ಯರ ಕಾಲದಲ್ಲಿ ಎರಡು ತಿಂಗಳಿಗೊಮ್ಮೆ ಸರದಿಯಾಗುತ್ತಿದ್ದ ಆ ಸೇವೆ ವಾದಿರಾಜರಿಂದ ಎರಡು ವರ್ಷಗಳ ಪರ್ಯಾಯವಾಯಿತು. ಜೀವನು ಎಂದೆಂದಿಗೂ ಹರಿಯ ದಾಸನೆಂಬ ಸಿದ್ಧಾಂತದಲ್ಲಿ ಪೂಜೆಯನ್ನು ದಾಟಿಹೋಗುವುದಾದರೂ ಎಲ್ಲಿಗೆ?

ಆದರೆ ಬ್ರಹ್ಮವಿದ್ಯೆಯ ಈ ಬಾಗಿಲು ಯಾರಿಗೆ ತೆರೆದಿತ್ತೆಂದು ಕೇಳದೆ ಬಿಡಲಾಗದು. ಅಂತರಂಗದ ಗುಣಗಳನ್ನೇ ಅರ್ಹತೆಯೆಂದ ಶಂಕರರು ಬ್ರಹ್ಮಸೂತ್ರಭಾಷ್ಯದ ಅಪಶೂದ್ರಾಧಿಕರಣದಲ್ಲಿ ಶೂದ್ರನಿಗೆ ವೇದಮಾರ್ಗವನ್ನು ನಿಷೇಧಿಸಿ, ಇತಿಹಾಸಪುರಾಣಗಳ ದಾರಿಯನ್ನು ಮಾತ್ರ ಬಿಟ್ಟುಕೊಟ್ಟರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರೂ ಅಲ್ಲಮಪ್ರಭುವೂ ಅಕ್ಕಮಹಾದೇವಿಯೂ ಎತ್ತಿದ ಆಕ್ಷೇಪಣೆ ಇಂತಹ ನಿಷೇಧಕ್ಕೇ ತಾಗುವಂಥದು. ಅವರು ಸ್ಥಾವರವನ್ನು, ಎಂದರೆ ಗುಡಿಯನ್ನು, ತೊರೆದರು, ನಿಜ. ಆದರೆ ಡೋಹರ ಕಕ್ಕಯ್ಯನಂಥವರ ಅಂಗೈಗೂ ಬಂದ ಇಷ್ಟಲಿಂಗ, ದೀಕ್ಷೆ, ವಿಭೂತಿ, ರುದ್ರಾಕ್ಷಿ, ಇವೂ ಆಚಾರಗಳೇ. ಅನುಭಾವಕ್ಕೆ ಆಚಾರದ ಆಸರೆ ಬೇಡವೆಂದು ಅವರೂ ಹೇಳಲಿಲ್ಲ. ಎಲ್ಲರಿಗೂ ನಿಲುಕುವ ಆಚಾರ ಬೇಕೆಂದರು.

ನಮಗೆ ಹತ್ತಿರದ ಕಾಲದಲ್ಲಿ ರಮಣ ಮಹರ್ಷಿಗಳಿದ್ದಾರೆ. 1896ರಲ್ಲಿ ಮನೆಬಿಟ್ಟು ತಿರುವಣ್ಣಾಮಲೆಗೆ ಬಂದು ಜನಿವಾರವನ್ನು ಕಳಚಿದವರು, ಯಾರಿಂದಲೂ ವಿಧ್ಯುಕ್ತ ಸಂನ್ಯಾಸ ಪಡೆಯದವರು, ನಾನು ಯಾರೆಂಬ ವಿಚಾರವೊಂದನ್ನೇ ನೇರವಾದ ದಾರಿಯೆಂದವರು. ಅವರ ಎದುರಿನಲ್ಲೇ ಆಶ್ರಮದಲ್ಲಿ ವೇದಪಾರಾಯಣ ನಡೆಯುತ್ತಿತ್ತು. 1922ರಲ್ಲಿ ತೀರಿಕೊಂಡ ತಾಯಿಯ ಸಮಾಧಿಯ ಮೇಲೆ ಎದ್ದ ಮಾತೃಭೂತೇಶ್ವರ ದೇವಾಲಯಕ್ಕೆ 1949ರಲ್ಲಿ ಅವರ ಸಮ್ಮುಖದಲ್ಲೇ ಕುಂಭಾಭಿಷೇಕವಾಯಿತು. ತಮಗೆ ಬೇಡವಾದುದು ಇತರರಿಗೂ ಬೇಡವೆಂಬ ಅವಸರ ಅವರಲ್ಲಿರಲಿಲ್ಲ.

ಹಿಂದೆ ಪೂಜೆಯನ್ನು ಬಿಟ್ಟವನು ಅದರೊಡನೆ ಮನೆಯನ್ನೂ ಹೆಸರನ್ನೂ ಆಸ್ತಿಯನ್ನೂ ಬಿಡುತ್ತಿದ್ದ. ಇಂದು ಪೂಜೆಯನ್ನಷ್ಟೇ ಬಿಟ್ಟು ಮಿಕ್ಕುದೆಲ್ಲವನ್ನೂ ಇಟ್ಟುಕೊಂಡವರು ತಮ್ಮನ್ನು ಆಧ್ಯಾತ್ಮಿಕರೆಂದು ಕರೆದುಕೊಳ್ಳುವಾಗ ಒಪ್ಪಲು ನನಗೆ ಸಂಕೋಚವಾಗುತ್ತದೆ. ಹಾಗೆಯೇ, ಬ್ರಹ್ಮಜಿಜ್ಞಾಸುವಿನ ಕುಲವನ್ನು ವಿಚಾರಿಸುವ ಪೀಠಗಳು ಎಲ್ಲೆಲ್ಲಿ ಉಳಿದಿವೆಯೋ ಅವು ಕಲ್ಯಾಣದವರ ಪ್ರಶ್ನೆಗೆ ಇನ್ನೂ ಉತ್ತರ ಕೊಟ್ಟಿಲ್ಲ.