ಬುತ್ತಿಯ ಗಂಟು, ಪರವೂರಿನ ಒಲೆ

(ಕನಮಡಿಯಲ್ಲಿ ದುಡಿಯುವ ಜನರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಕೂಲಿ, ಬೋನಸ್ಸು, ಸಾಲದ ಬಡ್ಡಿ ಇವುಗಳ ಬಗ್ಗೆ ಮಾತನಾಡಬೇಕಾದವನು ರೊಟ್ಟಿ, ಹಿಂಡಿ, ಪಲ್ಯದ ಸುದ್ದಿ ಎತ್ತಿದನೇಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಕೂಲಿಯ ಲೆಕ್ಕ ಪಗಾರದ ಪುಸ್ತಕದಲ್ಲಿ ಮುಗಿಯುವುದಿಲ್ಲ, ತಾಟಿನಲ್ಲಿ ಮುಗಿಯುತ್ತದೆ. ಊರು ಬಿಟ್ಟು ದುಡಿಯಲು ಹೋದ ಕುಟುಂಬ ಅಲ್ಲಿ ಏನು ಉಣ್ಣುತ್ತದೆ, ತನ್ನೂರಿನ ಊಟವನ್ನು ಹೇಗೆ ಉಳಿಸಿಕೊಳ್ಳುತ್ತದೆ, ಎಲ್ಲಿ ಬದಲಿಸುತ್ತದೆ ಎಂದು ನೋಡಿದರೆ ಆ ಕುಟುಂಬದ ಸ್ಥಿತಿಗತಿ ಪೂರ್ತಿ ತಿಳಿದುಬರುತ್ತದೆ. ಆದ್ದರಿಂದ ಇವತ್ತು ಈ ವಿಷಯ.

ನಮ್ಮದು ಗಡಿಯ ಸೀಮೆ. ಇಲ್ಲಿಂದ ಪಡುವಣಕ್ಕೆ ಹೊರಟರೆ ಜತ್ತ ತಾಲೂಕು, ಸಾಂಗ್ಲಿ ಜಿಲ್ಲೆ, ಬಡಗಣಕ್ಕೆ ಸೊಲ್ಲಾಪುರ. ಮಳೆ ಕೈಕೊಟ್ಟ ವರ್ಷಗಳಲ್ಲೆಲ್ಲ ನಮ್ಮ ಜನ ಈ ದಾರಿಗಳನ್ನೇ ಹಿಡಿದಿದ್ದಾರೆ. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಮುಂಬಯಿ ಇಲಾಖೆಯಲ್ಲಿ ಬಹಳ ನೊಂದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಆಗ ಅದಕ್ಕೆ ಕಲಾದಗಿ ಜಿಲ್ಲೆ ಎಂದು ಹೆಸರು. ಅದೇ ಕಾಲಕ್ಕೆ, 1877ರಲ್ಲಿ, ಸೊಲ್ಲಾಪುರದ ಮೊದಲ ನೂಲುವ ಮತ್ತು ನೇಯುವ ಗಿರಣಿ ಶುರುವಾಯಿತು. 1880ರ ದಶಕದಲ್ಲಿ ಹೊಟಗಿಯಿಂದ ವಿಜಾಪುರದ ಮೇಲೆ ಗದಗಿಗೆ ಮೀಟರ್ ಗೇಜ್ ರೈಲು ಬಂತು. ಹೊಲದಲ್ಲಿ ಜೋಳವಿಲ್ಲ, ಸೊಲ್ಲಾಪುರದಲ್ಲಿ ಕೆಲಸವಿದೆ, ನಡುವೆ ರೈಲು ಓಡುತ್ತದೆ. ಬಡವನು ಇನ್ನೇನು ಮಾಡಬೇಕು?

ನಾನು ಮಾಸ್ತರಿಕೆ ಮಾಡುತ್ತಿದ್ದ ವರ್ಷಗಳಲ್ಲಿ, ದೀಪಾವಳಿ ಕಳೆದ ಮೇಲೆ ಹಾಜರಿ ಕೂಗಿದರೆ ಕೆಲವು ಹೆಸರುಗಳಿಗೆ ಉತ್ತರ ಬರುತ್ತಿರಲಿಲ್ಲ. “ಎಲ್ಲಿ ಹೋದ್ನೋ?” ಎಂದರೆ, “ಅವ್ವ ಅಪ್ಪನ ಜೋಡಿ ಕಬ್ಬ ಕಡ್ಯಾಕ ಹೋಗ್ಯಾನ್ರೀ ಸರ್” ಎಂದು ಪಕ್ಕದ ಹುಡುಗ ಹೇಳುತ್ತಿದ್ದ. ಸಾಂಗ್ಲಿ, ಕೊಲ್ಹಾಪುರದ ಸಕ್ಕರೆ ಕಾರ್ಖಾನೆಗಳ ಹಂಗಾಮು ಮುಗಿಯುವವರೆಗೆ ಆ ಹೆಸರಿನ ಮುಂದೆ ಗೈರುಹಾಜರಿಯ ಗೆರೆ. ಕಬ್ಬಿನ ಗ್ಯಾಂಗಿನಲ್ಲಿ ಗಂಡ ಹೆಂಡತಿ ಇಬ್ಬರನ್ನೂ ಸೇರಿಸಿ ಒಂದು ‘ಕೊಯ್ತಾ’ ಎಂದು ಲೆಕ್ಕ ಹಿಡಿಯುತ್ತಾರೆ. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಇಬ್ಬರು ಮನುಷ್ಯರಿಗೆ ಒಂದು ಕತ್ತಿಯ ಹೆಸರು!

ಗಂಟಿನಲ್ಲಿ ಏನಿರುತ್ತದೆ?

ಹೋಗುವಾಗ ಅವರ ಗಂಟು ಬಿಚ್ಚಿ ನೋಡಿರಿ. ಬಟ್ಟೆ ನಾಲ್ಕು, ಬುತ್ತಿ ಬಹಳ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಒಂದು ಡಬ್ಬಿ ಮಸಾಲಿ ಖಾರ. ಇವೆಲ್ಲ ಒಣ ಪದಾರ್ಥಗಳು. ನೀರಿನ ಪಸೆ ಇಲ್ಲದ್ದರಿಂದ ಕೆಡುವುದಿಲ್ಲ. ಎಣ್ಣೆಯ ಅಂಶವಿರುವುದರಿಂದ ದುಡಿಯುವ ಮೈಗೆ ಬಲ ಸಿಗುತ್ತದೆ. ಒಲೆ ಹೊತ್ತಿಸದೆಯೂ ಉಣ್ಣಬಹುದು. ನಸುಕಿನಲ್ಲಿ ಚಳಿಯೊಳಗೆ ಕಬ್ಬಿನ ಗದ್ದೆಗೆ ಇಳಿಯುವವರಿಗೆ, ಕಾರ್ಖಾನೆಯ ರಾತ್ರಿ ಪಾಳಿಗೆ ಹೋಗುವವರಿಗೆ ಇದಕ್ಕಿಂತ ತಕ್ಕ ಊಟವನ್ನು ಯಾವ ಪಂಡಿತನೂ ಹೇಳಿಕೊಡಲಾರ. ಅಕ್ಷರ ಬಾರದ ನಮ್ಮ ಅಜ್ಜಿಯಂದಿರು ಇದನ್ನು ಕಂಡುಕೊಂಡರು.

ಗಂಟು ಖಾಲಿಯಾದ ಮೇಲೆ ಪರವೂರಿನ ಒಲೆಯ ಕಥೆ ಶುರುವಾಗುತ್ತದೆ. ಅಲ್ಲಿ ಊಟ ಬದಲಾಗುವುದು ಬಾಯಿಚಪಲದಿಂದಲ್ಲ. ಅದಕ್ಕೆ ಮೂರು ಕಾರಣಗಳಿವೆ: ಕಾಳು, ಉರುವಲು, ಹೊತ್ತು.

ಮೊದಲು ಕಾಳು. ನಮ್ಮ ಹಿಂಗಾರಿ ಮಾಲದಂಡಿ ಜೋಳದ ಹಿಟ್ಟಿಗೆ ಒಂದು ಜಿಗಿ ಇದೆ. ಬಿಸಿ ಎಸರು ಹಾಕಿ ನಾದಿದರೆ ಕೈಯಲ್ಲಿ ಬಡಿದಷ್ಟೂ ಅಗಲವಾಗುತ್ತದೆ. ಹಿಟ್ಟು ಹಳೆಯದಾದರೆ, ಕಾಳು ಬೇರೆ ತಳಿಯದಾದರೆ ಜಿಗಿ ಇರುವುದಿಲ್ಲ, ರೊಟ್ಟಿ ಹರಿಯುತ್ತದೆ. 1972ರ ಬರಗಾಲದಲ್ಲಿ ಮಹಾರಾಷ್ಟ್ರದ ಜನಕ್ಕೆ ಅಮೆರಿಕದ ಕೆಂಪು ಮಿಲೋ ಜೋಳ ಹಂಚಿದ್ದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಹೆಸರು ಜೋಳವೇ, ಆದರೆ ಹೊಟ್ಟೆಗೂ ಹೊಂದಲಿಲ್ಲ, ಕೈಗೂ ಹೊಂದಲಿಲ್ಲ. ಈಗ ಪಡಿತರದಲ್ಲಿ ಬಹುಪಾಲು ಅಕ್ಕಿ ಬರುತ್ತದೆ. ಅದನ್ನು ನಮ್ಮ ತಾಯಂದಿರು ಬೀಸಿ ಜೋಳದ ಹಿಟ್ಟಿಗೆ ಬೆರೆಸಿ ರೊಟ್ಟಿ ಬಡಿಯುತ್ತಾರೆ. ತಾಟಿನಲ್ಲಿ ರೊಟ್ಟಿಯ ಆಕಾರ ಉಳಿಯಿತು, ಒಳಗಿನ ಕಾಳು ಬದಲಾಯಿತು.

ಎರಡನೆಯದು ಉರುವಲು. ರೊಟ್ಟಿಗೆ ಜೋರು ಉರಿ ಬೇಕು, ಕೂತು ಬಡಿಯಲು ಜಾಗ ಬೇಕು. ಮುಂಬಯಿಯ ಚಾಳಿನ ಒಂದೇ ಖೋಲಿಯಲ್ಲಿ, ಸ್ಟೋವಿನ ಮುಂದೆ, ಹತ್ತು ರೊಟ್ಟಿ ಬಡಿಯುವುದೆಂದರೆ ಸಣ್ಣ ಕೆಲಸವಲ್ಲ. ಒಂದು ಗಡಿಗೆ ಅನ್ನಕ್ಕೆ ಅಷ್ಟು ಎಣ್ಣೆ ಸುಡುವುದಿಲ್ಲ. ಆದ್ದರಿಂದ ಅಲ್ಲಿ ಅನ್ನ ಗೆದ್ದಿತು. ಅದರ ಮೇಲಿನ ಸಾರಿನಲ್ಲಿ ಮಾತ್ರ ಊರಿನ ಮಸಾಲಿ ಖಾರ ಉಳಿಯಿತು.

ಮೂರನೆಯದು ಹೊತ್ತು. ಹೆಣ್ಣುಮಗಳೂ ದುಡಿಯಲು ಹೋದಾಗ ಊಟಕ್ಕೆ ಸಿಗುವ ಹೊತ್ತು ಕಡಿಮೆ. ಹೋಳಿಗೆ, ಕಡಬು, ಮಾದ್ಲಿ ಹಬ್ಬಕ್ಕೆ ಸರಿದವು. ದಿನದ ಊಟ ಜುಣಕ, ಬೇಳೆ, ಹಿಂಡಿಗೆ ನಿಂತಿತು. ಊಟ ಬದಲಾಯಿತೆಂದು ಸೊಸೆಯನ್ನು ದೂರುವ ಹಿರಿಯರು ಪಾಳಿಯ ಗಡಿಯಾರವನ್ನೂ ಒಮ್ಮೆ ನೋಡಬೇಕು.

ಸೊಲ್ಲಾಪುರದ ಪುಂಡಿಪಲ್ಯ

ಸೊಲ್ಲಾಪುರದ ಗಿರಣಿಗಳ ಸುತ್ತ ಕನ್ನಡಿಗರು, ಮರಾಠಿಗರು, ತೆಲಂಗಾಣದಿಂದ ಬಂದ ಪದ್ಮಶಾಲಿ ನೇಕಾರರು, ಮುಸಲ್ಮಾನರು ಒಂದೇ ಪೇಟೆಯಲ್ಲಿ ನೆಲೆಸಿದರು. ನಾವು ಪುಂಡಿಪಲ್ಯ ಎನ್ನುವ ಸೊಪ್ಪಿಗೆ ಮರಾಠಿಯಲ್ಲಿ ಅಂಬಾಡಿ, ತೆಲುಗಿನಲ್ಲಿ ಗೋಂಗೂರ. ಒಂದೇ ಸಂತೆಯಲ್ಲಿ ಒಂದೇ ಬುಟ್ಟಿಯಿಂದ ಮೂವರು ತಾಯಂದಿರು ಕೊಳ್ಳುತ್ತಾರೆ. ಒಬ್ಬಳು ಜೋಳದ ನುಚ್ಚು, ಬೇಳೆ ಹಾಕಿ ಕುದಿಸುತ್ತಾಳೆ. ಒಬ್ಬಳು ಬೆಳ್ಳುಳ್ಳಿಯ ಒಗ್ಗರಣೆ ಸುರಿಯುತ್ತಾಳೆ. ಒಬ್ಬಳು ಮೆಣಸಿನಕಾಯಿಯೊಡನೆ ಅರೆದು ಪಚ್ಚಡಿ ಮಾಡುತ್ತಾಳೆ. ಗೋಡೆಗೆ ಗೋಡೆ ಹತ್ತಿದ ಮನೆಗಳಲ್ಲಿ ಬಟ್ಟಲುಗಳು ಅತ್ತಿಂದಿತ್ತ ಹೋಗದೆ ಇರುತ್ತವೆಯೇ? ನಮ್ಮ ಜೋಳದ ರೊಟ್ಟಿ ಅವರಿಗೆ ಭಾಕರಿ, ಇವರಿಗೆ ಜೊನ್ನ ರೊಟ್ಟೆ. ಸೊಲ್ಲಾಪುರದ ಶೇಂಗಾ ಚಟ್ನಿ ಇಂದು ಪೊಟ್ಟಣದಲ್ಲಿ ದೂರದೂರಿಗೆ ಹೋಗುತ್ತದೆ. ಒರಳಿನಲ್ಲಿ ಎಣ್ಣೆ ಬಿಡುವವರೆಗೆ ಕುಟ್ಟುವ ಆ ರೀತಿ ಯಾವ ಭಾಷೆಯವರದೆಂದು ಬೇರ್ಪಡಿಸಿ ಹೇಳಲು ಬಾರದು.

ಈ ಊರಿನ ಜನ ಉಣ್ಣುವುದರಲ್ಲಿ ಮಾತ್ರ ಕೂಡಿರಲಿಲ್ಲ. 1930ರಲ್ಲಿ ಸೊಲ್ಲಾಪುರದ ಮೇಲೆ ಬ್ರಿಟಿಷರು ಮಾರ್ಷಲ್ ಲಾ ಹೇರಿದರು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಕಿಸನ್ ಸಾರಡಾ ಈ ನಾಲ್ವರನ್ನು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಹೆಸರುಗಳನ್ನು ಕೇಳಿದರೇ ಸಾಕು, ಆ ಪೇಟೆ ಎಂಥದೆಂದು ತಿಳಿಯುತ್ತದೆ.

ಮುಂಬಯಿ, ಗೋವೆ

ಮುಂಬಯಿಯ ಗಿರಣಗಾಂವದಲ್ಲಿ ಕುಟುಂಬ ಬಿಟ್ಟು ಬಂದ ಗಂಡಸರಿಗೆ ಖಾನಾವಳಿಯೇ ಮನೆ. ತಿಂಗಳ ಲೆಕ್ಕದ ಮೇಲೆ ಊಟ ಹಾಕುತ್ತಿದ್ದವರು ಹೆಚ್ಚಾಗಿ ಬಡ ಹೆಣ್ಣುಮಕ್ಕಳು. ಯಾವ ಜಿಲ್ಲೆಯವನಿಗೆ ಯಾವ ಖಾರ ಹಿಡಿಸುತ್ತದೆಂದು ಅವರಿಗೆ ಗೊತ್ತು. ಅಂಗಡಿಯ ಸಾಲ, ಸಾಹುಕಾರನ ಬಡ್ಡಿ ಅವರನ್ನು ಹಿಂಡುತ್ತಿದ್ದವು. 1975ರಲ್ಲಿ ಪ್ರೇಮಾ ಪುರವ್ ಅವರು ಈ ಹೆಂಗಸರನ್ನು ಕೂಡಿಸಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು. ರಾಷ್ಟ್ರೀಕೃತ ಬ್ಯಾಂಕಿನಿಂದ ಸಾಲ ಕೊಡಿಸಿದರು. ಗಿರಣಿಯ ನೂಲಿಗೆ ಲೆಕ್ಕವಿತ್ತು, ನೂಲುವವನಿಗೆ ಅನ್ನ ಬೇಯಿಸಿದವಳ ದುಡಿಮೆಗೆ ಲೆಕ್ಕವಿರಲಿಲ್ಲ. ಆ ಲೆಕ್ಕ ಹಿಡಿಯಲು ಕಲಿಸಿದ್ದು ಈ ಮಂಡಳದ ದೊಡ್ಡ ಕೆಲಸ. 1982ರ ಜನವರಿಯಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಅದು ಸೋತಿತು, ಅನೇಕ ಗಿರಣಿಗಳು ಮತ್ತೆ ತೆರೆಯಲೇ ಇಲ್ಲ. ಕಾರ್ಮಿಕನ ಪಗಾರ ನಿಂತರೆ ಖಾನಾವಳಿಯ ಒಲೆಯೂ ಆರುತ್ತದೆ, ಉದ್ರಿ ಕೊಟ್ಟ ಕಿರಾಣಿ ಅಂಗಡಿಯೂ ಮುಳುಗುತ್ತದೆ ಎಂಬುದನ್ನು ವ್ಯಾಪಾರಿ ಮಿತ್ರರು ಮನಗಾಣಬೇಕು.

1961ರ ಡಿಸೆಂಬರಿನಲ್ಲಿ ಗೋವೆ ವಿಮೋಚನೆಯಾದ ಮೇಲೆ ರಸ್ತೆ, ಬಂದರು, ಕಟ್ಟಡಗಳ ಕೆಲಸಕ್ಕೆ ನಮ್ಮ ಜಿಲ್ಲೆಯವರು ವಾಸ್ಕೋ ಕಡೆಗೆ ಹೋದರು. ಅಲ್ಲಿ ಶೇಂಗಾ ಎಣ್ಣೆಯ ಬದಲು ಕೊಬ್ಬರಿ ಎಣ್ಣೆ, ಜೋಳದ ಬದಲು ಕುಚ್ಚಲಕ್ಕಿ, ಮುಂಜಾನೆ ಪೋರ್ತುಗೀಜರು ಕಲಿಸಿದ ಪಾವು. ಅಲ್ಲಿಯೇ ಹುಟ್ಟಿದ ಮಕ್ಕಳಿಗೆ ಪಾವು ರೊಟ್ಟಿಯಷ್ಟೇ ಪರಿಚಿತ. ಆದರೂ ಊರಿಗೆ ಬಂದವರು ಮರಳಿ ಹೋಗುವಾಗ ಚೀಲದಲ್ಲಿ ಜೋಳ, ಹಿಂಡಿ ತುಂಬಿಕೊಂಡೇ ಹೋಗುತ್ತಾರೆ. ಆ ನೆಲ ಅವರನ್ನು ಯಾವಾಗಲೂ ತನ್ನವರೆಂದು ಕಂಡಿಲ್ಲ. ಬೈನಾ ಕಡಲದಂಡೆಯ ಕನ್ನಡಿಗರ ಮನೆಗಳನ್ನು 2017ರಲ್ಲಿ ಕೆಡವಿದರು. ಒಲೆ ಹೂಡಿದ ಜಾಗವೇ ಹೋದರೆ ಅಡಿಗೆಯ ಮಾತೆಲ್ಲಿ?

ಯಾವುದು ನಮ್ಮದು?

“ಅವರ ಊಟ ಅವರದು, ನಮ್ಮ ಊಟ ನಮ್ಮದು” ಎನ್ನುವವರಿದ್ದಾರೆ. ನಮ್ಮ ತಾಟನ್ನೇ ಪರೀಕ್ಷೆ ಮಾಡೋಣ. ಜೋಳ ಸಾವಿರಾರು ವರ್ಷಗಳ ಹಿಂದೆ ಆಫ್ರಿಕದಿಂದ ಬಂದದ್ದು. ಶೇಂಗಾ, ಮೆಣಸಿನಕಾಯಿ, ಬಟಾಟೆ, ಟೊಮೆಟೊ, ಮೆಕ್ಕೆಜೋಳ ಇವೆಲ್ಲ ಅಮೆರಿಕ ಖಂಡದವು. ಪೋರ್ತುಗೀಜರು ಮೊದಲಾದವರ ಹಡಗುಗಳು ಬಂದ ಮೇಲೆ ನಮ್ಮ ನೆಲ ಕಂಡವು. ಅದಕ್ಕೆ ಮೊದಲು ನಮ್ಮಲ್ಲಿ ಖಾರವೆಂದರೆ ಕರಿಮೆಣಸು. ಹೊಸ ಕಾಯಿಗೆ ಅದರ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಎಂದೆವು. ಶೇಂಗಾ ಹಿಂಡಿಗಿಂತ ನಮ್ಮದೆನಿಸುವ ಪದಾರ್ಥ ಇನ್ನೊಂದಿಲ್ಲ; ಅದರ ಎರಡು ಮುಖ್ಯ ವಸ್ತುಗಳೂ ಕಡಲು ದಾಟಿ ಬಂದವು!

ನಮ್ಮ ದೇಶದ ಬಡವರೂ ಕಡಲು ದಾಟಿದ್ದಾರೆ. 1845ರಿಂದ 1917ರವರೆಗೆ ಭೋಜಪುರಿ ಸೀಮೆಯ ಕೂಲಿಕಾರರನ್ನು ಕರಾರಿನ ಮೇಲೆ ಟ್ರಿನಿಡಾಡ್ ದ್ವೀಪದ ಕಬ್ಬಿನ ತೋಟಗಳಿಗೆ ಸಾಗಿಸಿದರು. ಅವರ ದಾಲ್‌ಪುರಿ ಅಲ್ಲಿ ಒಣ ಬಟಾಣಿ ಬೇಳೆಯಿಂದ ತಯಾರಾಗಿ ಇಂದು ಆ ನಾಡಿನ ಎಲ್ಲ ಜನಾಂಗದವರ ಊಟವಾಗಿದೆ. ದಕ್ಷಿಣ ಆಫ್ರಿಕದ ಡರ್ಬಾನಿನಲ್ಲಿ ಬ್ರೆಡ್ಡಿನ ತಿರುಳು ತೆಗೆದು ಅದರೊಳಗೆ ಪಲ್ಯ ತುಂಬಿಕೊಡುವ ‘ಬನಿ ಚೌ’ ಭಾರತೀಯರ ಅಂಗಡಿಗಳಿಂದ ಹುಟ್ಟಿದ ದುಡಿಯುವವರ ಬುತ್ತಿ.

ನಮ್ಮಲ್ಲಿಗೆ ಬಂದವರು

ಬಂಧುಗಳೇ, ಈಗ ಮುಖ್ಯ ಮಾತಿಗೆ ಬರುತ್ತೇನೆ. ಇಷ್ಟು ಕಾಲ ನಾವು ಹೋದವರ ಕಥೆ ಹೇಳಿದೆವು. ಇಂದು ನಮ್ಮ ಜಿಲ್ಲೆಗೇ ಪರವೂರಿನವರು ದುಡಿಯಲು ಬರುತ್ತಿದ್ದಾರೆ. 2023ರ ಡಿಸೆಂಬರಿನಲ್ಲಿ ವಿಜಯಪುರದ ಅಲಿಯಾಬಾದ ಕೈಗಾರಿಕಾ ಪ್ರದೇಶದ ಗೋದಾಮೊಂದರಲ್ಲಿ ಮೆಕ್ಕೆಜೋಳದ ರಾಶಿ ಕುಸಿದು 7 ಮಂದಿ ಕಾರ್ಮಿಕರು ಅದರಡಿ ಸಿಕ್ಕು ಸತ್ತರು. ಅವರು ಬಿಹಾರದವರು. ಕಾಳಿನ ಕೆಳಗೆ ಮನುಷ್ಯ ಉಸಿರುಗಟ್ಟಿ ಸತ್ತ ಸುದ್ದಿಯನ್ನು ನಾವು ಎಷ್ಟು ದಿನ ನೆನಪಿಟ್ಟೆವು?

ಅವರು ಏನು ಉಣ್ಣುತ್ತಾರೆಂದು ನಮಗೆ ಗೊತ್ತಿದೆಯೇ? ಅವರ ಲಿಟ್ಟಿಯೊಳಗೆ ತುಂಬುವ ಸತ್ತು ಎಂದರೆ ಹುರಿದ ಕಡಲೆಯ ಹಿಟ್ಟು. ನಮ್ಮ ಪುಟಾಣಿ ಹಿಟ್ಟಿನ ಅಣ್ಣ. ಅದರ ಜೊತೆಗಿನ ಚೋಖಾ ಎಂದರೆ ಬದನಿಕಾಯಿಯನ್ನು ಕೆಂಡದಲ್ಲಿ ಸುಟ್ಟು, ಕಿವುಚಿ, ಉಪ್ಪು ಖಾರ ಬೆರೆಸಿದ್ದು. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯ ಜೊತೆ ನಾವು ಉಣ್ಣುವ ಭರ್ತ ಅದೇ ಅಲ್ಲವೇ? ಅವರಿಗೆ ಸಾಸಿವೆ ಎಣ್ಣೆ, ನಮಗೆ ಶೇಂಗಾ ಎಣ್ಣೆ, ಕುಸುಬಿ ಎಣ್ಣೆ. ವ್ಯತ್ಯಾಸ ಇಷ್ಟೇ. ಆದರೂ ಅವರ ಖೋಲಿಯ ಮುಂದೆ ಹಾದುಹೋಗುವಾಗ ಎಣ್ಣೆಯ ವಾಸನೆಗೆ ಮೂಗು ಮುಚ್ಚುವವರು ನಮ್ಮಲ್ಲಿದ್ದಾರೆ. ನಮ್ಮವರ ಹಿಂಡಿಯ ಘಾಟಿಗೆ ಪರವೂರಿನವರು ಹೀಗೆಯೇ ಮೂಗು ಮುಚ್ಚಿದಾಗ ಎಷ್ಟು ನೋವಾಯಿತೆಂದು ಗೋವೆಯಿಂದ ಬಂದ ನಿಮ್ಮ ಅಕ್ಕತಂಗಿಯರನ್ನು ಕೇಳಿರಿ.

ಆದ್ದರಿಂದ ಮೂರು ಕೆಲಸಗಳನ್ನು ನಿಮ್ಮ ಮುಂದೆ ಇಡುತ್ತೇನೆ.

ಒಂದು, ಪಡಿತರದ ಮಾತು. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಅಕ್ಕಿ, ಗೋಧಿಯ ಜೊತೆಗೆ ಒರಟು ಧಾನ್ಯವೂ ಸೇರಿದೆ. ಜೋಳ ಬೆಳೆಯುವ ಜಿಲ್ಲೆಗೆ ವರ್ಷವಿಡೀ ಜೋಳ ಕೊಡಿರೆಂದು ಕೇಳುವುದು ಭಿಕ್ಷೆಯಲ್ಲ, ಕಾಯ್ದೆಯ ಒಳಗಿನ ಮಾತು. 2023ನ್ನು ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು ಆಚರಿಸಿದರಲ್ಲ, ಆ ಗೌರವ ಕೂಲಿಕಾರನ ತಾಟಿಗೂ ಇಳಿಯಲಿ. ಒಂದೇ ದೇಶ ಒಂದೇ ಪಡಿತರ ಚೀಟಿಯ ಏರ್ಪಾಟು 2022ರ ಜೂನ್ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ಬಂದಿದೆ. ಕುಟುಂಬದ ಪಾಲಿನ ಒಂದಿಷ್ಟನ್ನು ಊರಲ್ಲಿ ಮುದುಕರು, ಉಳಿದದ್ದನ್ನು ಪರವೂರಲ್ಲಿ ದುಡಿಯುವವರು ಎತ್ತಬಹುದು. ಕಬ್ಬಿಗೆ ಹೋಗುವ ಮೊದಲು ಆಧಾರ ಜೋಡಣೆ ಸರಿಯಿದೆಯೇ ಎಂದು ನೋಡಿಕೊಳ್ಳಿರಿ. ಓದು ಬಾರದ ನೆರೆಯವರದನ್ನೂ ನೋಡಿಕೊಡಿರಿ.

ಎರಡು, ವ್ಯಾಪಾರಿ ಮಿತ್ರರಿಗೆ. ಅಂಗಡಿಯ ಒಂದು ಮೂಲೆಯಲ್ಲಿ ಸತ್ತು, ಸಾಸಿವೆ ಎಣ್ಣೆ ಇಡಿರಿ. ಭಾಷೆ ಬಾರದವನೆಂದು ಬೆಲೆ ಏರಿಸಬೇಡಿರಿ. ಉದ್ರಿಯ ಲೆಕ್ಕವನ್ನು ಅವನೆದುರಿಗೆ ಬರೆಯಿರಿ. ಸೊಲ್ಲಾಪುರದ ಕಿರಾಣಿ ಅಂಗಡಿಯವನು ನಿಮ್ಮ ಅಜ್ಜನಿಗೆ ಜೋಳ ಅಳೆದುಕೊಟ್ಟ ಹಾಗೆಯೇ ಇದು. ಇದರಲ್ಲಿ ಧರ್ಮವೂ ಇದೆ, ವ್ಯಾಪಾರವೂ ಇದೆ.

ಮೂರು, ಕಾರ್ಮಿಕರಿಗೆ. ನಮ್ಮ ಕೂಲಿ ಇಳಿಸಲು ಮಾಲಕನು ಪರವೂರಿನವನನ್ನು ತರುತ್ತಾನೆ ಎಂಬುದು ಸುಳ್ಳಲ್ಲ. ಸಾಂಗ್ಲಿಯಲ್ಲಿ ನಮ್ಮವರನ್ನು ತರುವುದೂ ಅದಕ್ಕೇ. ಆದರೆ ಅವನನ್ನು ಓಡಿಸಿದರೆ ಕೂಲಿ ಏರುವುದಿಲ್ಲ. ಅವನನ್ನು ಸಂಘಕ್ಕೆ ಸೇರಿಸಿಕೊಂಡು, ಅವನಿಗೂ ಅದೇ ಕೂಲಿ ಕೊಡಿಸಿದರೆ ಮಾತ್ರ ಏರುತ್ತದೆ. ‘ಕೊಯ್ತಾ’ ಲೆಕ್ಕದಲ್ಲಿ ಅಡಗಿಹೋದ ಹೆಣ್ಣುಮಗಳ ಕೂಲಿಯನ್ನೂ ಅವಳ ಹೆಸರಿನಲ್ಲಿಯೇ ಬರೆಯಿಸಬೇಕು.

ಬರುವ ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಊಟಕ್ಕೆ ಕೂಡುವಾಗ, ಪಕ್ಕದ ಶೆಡ್ಡಿನಲ್ಲಿ ಪರವೂರಿನ ಕುಟುಂಬವಿದ್ದರೆ ಅವರನ್ನೂ ಕರೆಯಿರಿ. ನಿಮ್ಮ ಭರ್ತ ಅವರ ಎಲೆಗೆ ಬೀಳಲಿ, ಅವರ ಚೋಖಾ ನಿಮ್ಮ ಎಲೆಗೆ ಬೀಳಲಿ. ಊಟವಾದ ಮೇಲೆ ಅವರ ಕೂಲಿ ಎಷ್ಟು, ಪಾಳಿ ಎಷ್ಟು ತಾಸಿನದು, ಮಲಗುವ ಜಾಗ ಹೇಗಿದೆ ಎಂದು ಕೇಳಿರಿ. ಸಂಘದ ಕೆಲಸ ಅಲ್ಲಿಂದಲೇ ಶುರುವಾಗುತ್ತದೆ.