ಇಂಗ್ಲೀಷು ಕಲಿಸುವ ಉಪಾಧ್ಯಾಯರ ವಿದ್ಯಾಭಿವೃದ್ಧಿ



ಕಟ್ಟಿಕೊಟ್ಟ ಬುತ್ತಿಯೂ ಹೇಳಿಕೊಟ್ಟ ಮಾತೂ ಬಹುದಿನ ಬಾರವೆಂಬ ನಾಣ್ಣುಡಿಯು ಎಲ್ಲರಿಗೂ ತಿಳಿದುದೇ ಆಗಿದೆ. ಇದು ಶಿಷ್ಯರಿಗೆ ಎಷ್ಟು ಸಲ್ಲುವುದೋ ಉಪಾಧ್ಯಾಯರಿಗೂ ಅಷ್ಟೇ ಸಲ್ಲುವುದು. ಅದರಲ್ಲಿಯೂ ಇಂಗ್ಲೀಷು ಕಲಿಸುವವರ ಕಷ್ಟವು ವಿಶೇಷವಾದುದು. ಗಣಿತವನ್ನು ಬಲ್ಲವನು ಕನ್ನಡದಲ್ಲಿಯೇ ಚಿಂತಿಸಿ ಅದನ್ನು ಉಳಿಸಿಕೊಳ್ಳಬಲ್ಲನು. ಹಳ್ಳಿಯ ಶಾಲೆಯ ಇಂಗ್ಲೀಷು ಉಪಾಧ್ಯಾಯರಿಗಾದರೋ, ತರಗತಿಯ ಹೊರಗೆ ಆ ಭಾಷೆಯನ್ನು ಆಡುವವರೂ ಕೇಳುವವರೂ ವಿರಳ. ಸೇದದ ಬಾವಿಯ ನೀರು ಕೆಡುವಂತೆ ಬಳಸದ ಭಾಷೆಯೂ ಕೆಡುವುದು. ಮನೆಯಲ್ಲಿ ಇಂಗ್ಲೀಷಿನ ಗಂಧವಿಲ್ಲದ ಮಗುವಿಗೆ ಆ ಉಪಾಧ್ಯಾಯರೊಬ್ಬರೇ ದಾರಿ. ಅವರ ವಿದ್ಯೆಯು ನಿಂತಲ್ಲಿ ಮಗುವಿನ ದಾರಿಯೂ ನಿಲ್ಲುವುದು.

ಈ ಕೊರತೆಯನ್ನು ನೀಗುವುದಕ್ಕಾಗಿಯೇ 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲೀಷು ಸಂಸ್ಥೆಯೂ, 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣದ ರಾಜ್ಯಗಳಿಗಾಗಿ ಪ್ರಾದೇಶಿಕ ಇಂಗ್ಲೀಷು ಸಂಸ್ಥೆಯೂ ಸ್ಥಾಪಿತವಾದವು. ಇವುಗಳ ಉಪಕಾರವು ಸ್ಮರಣೀಯವಾದುದು. ಆದರೆ ತರಬೇತು ಮುಗಿಸಿ ಊರಿಗೆ ಮರಳಿದ ಉಪಾಧ್ಯಾಯರ ಎದುರಿಗೆ ಅದೇ ಕಿಕ್ಕಿರಿದ ತರಗತಿ, ಅದೇ ಪಠ್ಯಪುಸ್ತಕ, ಅದೇ ಪರೀಕ್ಷೆ. ಬುತ್ತಿಯು ತೀರಿದ ಮೇಲೆ ಗತಿಯೇನು?

ಈ ಪ್ರಶ್ನೆಗೆ ಬೆಂಗಳೂರಿನ ಹೆಸರಿನಿಂದಲೇ ಲೋಕಪ್ರಸಿದ್ಧವಾದ ಒಂದು ಪ್ರಯೋಗವು ಬೆಳಕು ಕೊಡುತ್ತದೆ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಎಂಬ ವಿದ್ವಾಂಸರೂ ಅವರ ಸಹೋದ್ಯೋಗಿಗಳೂ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಇದನ್ನು ನಡೆಸಿದರು. ವ್ಯಾಕರಣಸೂತ್ರಗಳನ್ನು ಒಪ್ಪಿಸುವ ಕ್ರಮವನ್ನು ಬಿಟ್ಟು, ರೈಲುಗಾಡಿಯ ವೇಳಾಪಟ್ಟಿ, ಊರಿನ ನಕ್ಷೆ ಮೊದಲಾದವುಗಳನ್ನು ಮುಂದಿಟ್ಟು, ಅವುಗಳಿಂದ ಹುಟ್ಟುವ ಸಮಸ್ಯೆಗಳನ್ನು ಇಂಗ್ಲೀಷಿನಲ್ಲಿ ಬಿಡಿಸುವುದೇ ಪಾಠವಾಯಿತು. ಮೊದಲು ಉಪಾಧ್ಯಾಯರು ಇಡೀ ತರಗತಿಯೊಡನೆ ಒಂದು ಸಮಸ್ಯೆಯನ್ನು ಬಿಡಿಸುವರು. ಬಳಿಕ ಅದೇ ಬಗೆಯ ಮತ್ತೊಂದನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತಾನೇ ಬಿಡಿಸುವನು. ಮನಸ್ಸು ಅರ್ಥದಲ್ಲಿ ತೊಡಗಿರುವಾಗ ವ್ಯಾಕರಣವು ತಾನಾಗಿ ಮೈಗೂಡುವುದೆಂಬುದು ಇದರ ತತ್ತ್ವ. ಇದರ ವಿವರವು 1987ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾಯಿತು.

ಆದರೆ ಈ ಪ್ರಯೋಗವನ್ನು ವಿಮರ್ಶಿಸಿದ ಅಲನ್ ಬೆರೆಟ್ಟಾ ಎಂಬವರು 1990ರಲ್ಲಿ ಗಮನಾರ್ಹವಾದ ಸಂಗತಿಯೊಂದನ್ನು ಹೊರಗೆಡಹಿದರು. ಪ್ರಯೋಗದ ಮರ್ಮವನ್ನು ಬಲ್ಲವರ ಕೈಯಲ್ಲಿ ನೆಲೆಗೊಂಡ ಈ ವಿಧಾನವು ಶಾಲೆಯ ಖಾಯಂ ಉಪಾಧ್ಯಾಯರಿಗೆ ಅಷ್ಟಾಗಿ ಒಗ್ಗಿರಲಿಲ್ಲ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಇಂಥ ಪಾಠದಲ್ಲಿ ವಿದ್ಯಾರ್ಥಿಯ ಬಾಯಿಂದ ಯಾವ ಮಾತು ಬಂದೀತೆಂಬುದು ಮುಂಚಿತವಾಗಿ ತಿಳಿಯದು. ಸಿದ್ಧ ಟಿಪ್ಪಣಿಯ ಊರುಗೋಲನ್ನು ಬಿಟ್ಟು ನಡೆಯುವ ಭಾಷಾಬಲವೂ ಧೈರ್ಯವೂ ಬೇಕು. ಅವೆರಡೂ ಆಜ್ಞೆಯಿಂದ ಬರುವುವಲ್ಲ.

ಅದೇ 1990ರಲ್ಲಿ ಪ್ರಭುಗಳೂ ಒಂದು ಲೇಖನದಲ್ಲಿ, ಸರ್ವರಿಗೂ ಸಲ್ಲುವ ಸರ್ವೋತ್ತಮ ವಿಧಾನವೊಂದಿಲ್ಲವೆಂಬ ಅಭಿಪ್ರಾಯವನ್ನು ಪ್ರತಿಪಾದಿಸಿದರು. ಹೀಗೆ ಕಲಿಸಿದರೆ ಹೀಗೆ ಕಲಿಯುವರೆಂಬ ಉಪಾಧ್ಯಾಯರ ಸ್ವಂತ ತಿಳಿವು ಜಾಗೃತವಾಗಿರುವುದೇ ಮುಖ್ಯವೆಂದೂ, ಯಂತ್ರದಂತೆ ಪಾಠ ಹೇಳುವುದೇ ವಿದ್ಯೆಗೆ ವೈರಿಯೆಂದೂ ಅವರ ವಾದದ ಸಾರ.

ಆದುದರಿಂದ ಉಪಾಧ್ಯಾಯರ ಅಭಿವೃದ್ಧಿಯು ಹೊರಗಿನಿಂದ ತಂದು ತುಂಬತಕ್ಕ ವಸ್ತುವಲ್ಲ. ಒಂದು ಊರಿನ ನಾಲ್ಕೈದು ಜನ ಇಂಗ್ಲೀಷು ಉಪಾಧ್ಯಾಯರು ವಾರಕ್ಕೊಮ್ಮೆ ಕಲೆತು ಆ ಭಾಷೆಯಲ್ಲಿಯೇ ಮಾತನಾಡಲಿ. ಒಂದು ಪುಸ್ತಕವನ್ನು ಕೂಡಿ ಓದಲಿ. ಒಬ್ಬರ ಪಾಠವನ್ನು ಇನ್ನೊಬ್ಬರು ಕುಳಿತು ಕೇಳಲಿ; ಆದರೆ ತಪ್ಪು ಹುಡುಕುವ ತನಿಖೆಗಾರರಂತೆ ಅಲ್ಲ, ಸಹಪಾಠಿಗಳಂತೆ. ಪಾಠವು ಎಲ್ಲಿ ತೊಡಕಿತು, ಯಾವ ಮಗು ಯಾವ ಮಾತಿನಲ್ಲಿ ಎಡವಿತು ಎಂಬುದನ್ನು ಅಂದಂದೇ ಬರೆದಿಡಲಿ. ಇದಕ್ಕೆ ಹಣವು ಹೆಚ್ಚು ಬೇಡ, ಬಿಡುವು ಬೇಕು.

ಆ ಬಿಡುವನ್ನು ಕೊಡತಕ್ಕವರು ಶಾಲೆಗಳ ಆಡಳಿತ ವಹಿಸಿದ ಮಹನೀಯರು. ಕಟ್ಟಡಕ್ಕೂ ಪೀಠೋಪಕರಣಗಳಿಗೂ ಧನಸಹಾಯ ಮಾಡುವ ಉದಾರಿಗಳು, ಉಪಾಧ್ಯಾಯರು ಕಲಿಯುವ ಹೊತ್ತನ್ನೂ ಶಾಲೆಯ ಕೆಲಸವೆಂದೇ ಎಣಿಸಲಿ. ಕಲಿಯುವುದನ್ನು ಬಿಡದ ಉಪಾಧ್ಯಾಯರ ಮುಂದೆ ಕುಳಿತ ಮಗುವು ಬರಿಯ ಬುತ್ತಿಯನ್ನಲ್ಲ, ಅಡುಗೆಯನ್ನೇ ಕಲಿತು ಹೋಗುವುದು.