ಅಡುಗೆಮನೆಯ ಕಪಾಟಿಗೆ ಯಾವ ಬಣ್ಣ?



ದಾವಣಗೆರೆಯ ಬಟ್ಟೆ ಅಂಗಡಿಗಳಲ್ಲಿ ನೀವು ಒಂದು ದೃಶ್ಯವನ್ನು ನೋಡಿರಬಹುದು. ಮದುವೆಯ ಜವಳಿಗೆಂದು ಬಂದ ಹೆಣ್ಣುಮಕ್ಕಳು ಹತ್ತಾರು ಸೀರೆಗಳನ್ನು ಬಿಚ್ಚಿಸಿ ನೋಡಿ, ಕೊನೆಗೆ ಒಂದೆರಡನ್ನು ಹಿಡಿದುಕೊಂಡು ಅಂಗಡಿಯ ಬಾಗಿಲಿಗೆ ಬರುತ್ತಾರೆ. ಹಗಲು ಬೆಳಕಿನಲ್ಲಿ ಸೆರಗನ್ನು ಹರಡಿ ನೋಡುತ್ತಾರೆ. "ಒಳಗೆ ಒಂದು ಬಣ್ಣ, ಹೊರಗೆ ಒಂದು ಬಣ್ಣ" ಎಂದು ತಲೆಯಾಡಿಸುತ್ತಾರೆ. ಯಾವ ಪುಸ್ತಕವನ್ನೂ ಓದದೆ ಅವರು ಬಣ್ಣ ವಿಜ್ಞಾನದ ಮೊದಲ ಪಾಠವನ್ನು ಕಲಿತಿದ್ದಾರೆ. ಬಣ್ಣ ವಸ್ತುವಿನಲ್ಲಿ ಮಾತ್ರ ಇರುವುದಿಲ್ಲ. ಅದರ ಮೇಲೆ ಬೀಳುವ ಬೆಳಕಿನಲ್ಲಿಯೂ ಇರುತ್ತದೆ.

ಈ ಪಾಠ ನನಗೂ ಗೊತ್ತಿತ್ತು. ನಾನು ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದವನು. ದೂರದರ್ಶನದಲ್ಲಿ ನನ್ನ ಕೆಲಸವೂ ದೀಪಗಳ ನಡುವೆಯೇ. ಆದರೂ ದಾವಣಗೆರೆಯ ನಮ್ಮ ಮನೆಯಲ್ಲಿ ಅವ್ವನ ಅಡುಗೆಮನೆಯ ಕಪಾಟುಗಳಿಗೆ ಬಣ್ಣ ಹಚ್ಚಿಸುವಾಗ ಅದನ್ನು ಮರೆತೆ. ಇಂದು ಆ ಕಥೆಯನ್ನೇ ನಿಮಗೆ ಹೇಳುತ್ತೇನೆ.

ನನ್ನ ಅಕ್ಕ ಹರಿಹರದಲ್ಲಿದ್ದಾಳೆ. ದಾವಣಗೆರೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಅವಳು ತನ್ನ ಅಡುಗೆಮನೆಯ ಕಪಾಟುಗಳಿಗೆ ಒಂದು ಹೊಸ ಬಣ್ಣ ಹಚ್ಚಿಸಿದ್ದಳು. ಪೂರ್ತಿ ಬೂದಿಯಲ್ಲ, ಪೂರ್ತಿ ಗೋಧಿಯ ಬಣ್ಣವೂ ಅಲ್ಲ, ಎರಡರ ನಡುವಿನದು. ಅಂಗಡಿಯವರು ಅದನ್ನು "ಗ್ರೇಜ್" ಎನ್ನುತ್ತಾರೆ. ನೋಡಿದರೆ ಕಣ್ಣಿಗೆ ಹಿತ. ಅರಿಸಿನದ ಕೈ ತಗುಲಿದರೂ ಒಗ್ಗರಣೆಯ ಹೊಗೆ ಕೂತರೂ ಬಿಳಿಯ ಬಾಗಿಲಿನಷ್ಟು ಎದ್ದು ಕಾಣುವುದಿಲ್ಲ. ಅವ್ವ ಅದನ್ನು ನೋಡಿ, "ನಮ್ಮನೆಗೂ ಇದನ್ನೇ ಹಚ್ಸಪ್ಪ" ಎಂದಳು. ನಾನು ಅಕ್ಕನ ಮನೆಯಲ್ಲಿದ್ದ ಡಬ್ಬದ ಮೇಲಿನ ಸಂಖ್ಯೆಯನ್ನು ಬರೆದುಕೊಂಡು ಬಂದೆ. ದೀಪಾವಳಿಗೆ ಮುಂಚೆ ಕೆಲಸ ಮುಗಿಸಬೇಕೆಂಬ ಅವಸರ. ಅದೇ ಕಂಪನಿಯ ಅದೇ ಸಂಖ್ಯೆಯ ಬಣ್ಣವನ್ನು ತಂದು, ಎರಡು ಬಾಗಿಲುಗಳಿಗೆ ಹಚ್ಚಿಸಿಯೂ ಆಯಿತು.

ಅವ್ವ ಬಂದು ನೋಡಿದಳು. "ಇದು ಅದಲ್ಲ" ಎಂದಳು. "ಅದೇ ಕಣವ್ವಾ, ಸಂಖ್ಯೆ ನೋಡು" ಎಂದು ಡಬ್ಬವನ್ನು ತೋರಿಸಿದೆ. "ಸಂಖ್ಯೆ ನೀನು ನೋಡ್ಕೋ. ಇದು ನೀಲಿ ಬೂದಿ ಆಗೈತೆ, ತಣ್ಣಗೆ ಕಾಣ್ತೈತೆ" ಎಂದಳು. ನಾನು ನಕ್ಕುಬಿಟ್ಟೆ. ವಯಸ್ಸಾದವರ ಕಣ್ಣು, ಏನೋ ಹೇಳುತ್ತಾಳೆ ಎಂದುಕೊಂಡೆ. ಆಗ ಅವಳು ಬಲಗಣ್ಣನ್ನು ಮುಚ್ಚಿ ನೋಡಿದಳು, ಬಳಿಕ ಎಡಗಣ್ಣನ್ನು ಮುಚ್ಚಿ ನೋಡಿದಳು. "ಈ ಕಣ್ಣಿಗೆ ಪರವಾಗಿಲ್ಲ. ಈ ಕಣ್ಣಿಗೆ ನೀಲಿ" ಎಂದಳು. ನನ್ನ ನಗು ಅಲ್ಲಿಗೆ ನಿಂತಿತು. ಅವಳ ಬಲಗಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆ ಆಗಿತ್ತು. ಎಡಗಣ್ಣಿಗೆ ಇನ್ನೂ ಆಗಿರಲಿಲ್ಲ.

ಇಲ್ಲಿ ವಿಜ್ಞಾನ ಏನೆಂದು ನೋಡೋಣ. ನಮ್ಮ ಕಣ್ಣಿನ ಮಸೂರ ವಯಸ್ಸಾದಂತೆ ಹಳದಿಯಾಗುತ್ತದೆ. ಹಳದಿ ಗಾಜಿನ ಹಾಗೆ ಅದು ನೀಲಿ ಬೆಳಕಿನ ಒಂದು ಭಾಗವನ್ನು ತಡೆಯುತ್ತದೆ. ಇದು ವರ್ಷಗಳ ಕಾಲ ನಿಧಾನವಾಗಿ ಆಗುವುದರಿಂದ ನಮಗೆ ತಿಳಿಯುವುದೇ ಇಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಆ ಮಸೂರವನ್ನು ತೆಗೆದು ತಿಳಿಯಾದ ಕೃತಕ ಮಸೂರವನ್ನು ಕೂರಿಸಿದಾಗ ನೀಲಿ ಮತ್ತೆ ಒಳಗೆ ಬರುತ್ತದೆ. ಹೀಗೆ ಅವ್ವನ ಎಡಗಣ್ಣು ಎಲ್ಲವನ್ನೂ ಕೊಂಚ ಹಳದಿಯಾಗಿ ಕಾಣುತ್ತಿತ್ತು. ಬಲಗಣ್ಣು ನೀಲಿಯನ್ನು ನಮ್ಮೆಲ್ಲರಂತೆ ಕಾಣುತ್ತಿತ್ತು. ಎರಡು ಕಣ್ಣುಗಳನ್ನು ಹೋಲಿಸಿ ನೋಡುವ ಪ್ರಯೋಗವನ್ನು ಅವಳೇ ಮಾಡಿ ಮುಗಿಸಿದ್ದಳು. ಕೈಯಲ್ಲಿ ಡಬ್ಬ ಹಿಡಿದು ವಾದ ಮಾಡುತ್ತಿದ್ದವನು ವಿಜ್ಞಾನದ ಪದವೀಧರ!

ಆದರೆ ಕಣ್ಣಿನಿಂದಲೇ ಎಲ್ಲವೂ ಆಗಿರಲಿಲ್ಲ. ಅದೇ ಕಣ್ಣುಗಳಿಗೆ ಹರಿಹರದಲ್ಲಿ ಬಣ್ಣ ಬೆಚ್ಚಗೆ ಕಂಡಿತ್ತಲ್ಲ? ಆದ್ದರಿಂದ ಎರಡು ಅಡುಗೆಮನೆಗಳ ವ್ಯತ್ಯಾಸವನ್ನು ಒಂದು ಕಾಗದದ ಮೇಲೆ ಬರೆದುಕೊಂಡೆ.

ಅಕ್ಕನ ಅಡುಗೆಮನೆಗೆ ಪೂರ್ವಕ್ಕೆ ಕಿಟಕಿ. ನೆಲ ಹಳೆಯ ಕಾಲದ ರೆಡ್ ಆಕ್ಸೈಡ್ ನೆಲ. ಬೆಳಗಿನ ಬಿಸಿಲು ಆ ಕೆಂಪು ನೆಲಕ್ಕೆ ಬಿದ್ದು, ಅಲ್ಲಿಂದ ಪುಟಿದು ಕಪಾಟಿನ ಮೇಲೆ ಬೀಳುತ್ತದೆ. ರಾತ್ರಿ ಅವಳು ಹಚ್ಚುವುದು ಹಳದಿ ಛಾಯೆಯ ಬಲ್ಬು. ಅವ್ವನ ಅಡುಗೆಮನೆಗೆ ಉತ್ತರಕ್ಕೆ ಕಿಟಕಿ. ಕಟ್ಟೆಗೆ ಹಾಸಿರುವುದು ಕಪ್ಪು ಕಡಪ ಕಲ್ಲು. ಗೋಡೆಗೆ ತಿಳಿಹಳದಿ ಬಣ್ಣ. ಬೆಳಕಿಗೆ ಬೆಳ್ಳಗೆ ಉರಿಯುವ ಎಲ್‌ಇಡಿ ಟ್ಯೂಬು. ಡಬ್ಬದ ಬಣ್ಣ ಒಂದೇ; ಉಳಿದುದೆಲ್ಲ ಬೇರೆ.

ಮೊದಲು ಕಿಟಕಿಯ ವಿಷಯ. ಉತ್ತರದ ಕಿಟಕಿಗೆ ನೇರ ಬಿಸಿಲಿಗಿಂತ ಆಕಾಶದ ಬೆಳಕು ಹೆಚ್ಚು. ಆಕಾಶದ ಬೆಳಕಿನಲ್ಲಿ ನೀಲಿಯ ಪಾಲು ಹೆಚ್ಚು. ಅದಕ್ಕೇ ವಿದೇಶದ ಪುಸ್ತಕಗಳು ಉತ್ತರದ ಕೋಣೆಗೆ ಬೆಚ್ಚನೆಯ ಬಣ್ಣ ಬೇಕೆನ್ನುತ್ತವೆ. ಆದರೆ ಆ ಮಾತನ್ನು ನಮ್ಮೂರಿಗೆ ಹಾಗೆಯೇ ತರಲಾಗದು. ದಾವಣಗೆರೆ ಇರುವುದು ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಆ ತಿಂಗಳುಗಳಲ್ಲಿ ಮೋಡವಿಲ್ಲದಿದ್ದರೆ ಬೆಳಿಗ್ಗೆ, ಸಂಜೆ ಉತ್ತರದ ಕಿಟಕಿಗೂ ಓರೆ ಬಿಸಿಲು ಬರುತ್ತದೆ. ನಾವು ಬಣ್ಣ ಹಚ್ಚಿಸಿದ್ದು ದೀಪಾವಳಿಯ ಹೊತ್ತಿನಲ್ಲಿ, ಸೂರ್ಯ ದಕ್ಷಿಣಕ್ಕೆ ಸರಿದಾಗ. ಮೇ ತಿಂಗಳಲ್ಲಿ ಹಚ್ಚಿಸಿದ್ದರೆ ಬಹುಶಃ ಅವ್ವ ಇಷ್ಟು ಬೇಗ ಆಕ್ಷೇಪಣೆ ಎತ್ತುತ್ತಿರಲಿಲ್ಲ. ಆಗಸ್ಟ್ ಕಳೆದ ಮೇಲೆ ಎತ್ತುತ್ತಿದ್ದಳು!

ಎರಡನೆಯದು ದೀಪ. ದೀಪದ ಛಾಯೆಯನ್ನು ಕೆಲ್ವಿನ್ ಎಂಬ ಮಾನದಲ್ಲಿ ಹೇಳುತ್ತಾರೆ. 2700 ರಿಂದ 3000 ಎಂದಿದ್ದರೆ ಹಳದಿ ಬೆಳಕು. 4000 ಎಂದರೆ ಮಧ್ಯಮ. 6500 ಎಂದರೆ ನೀಲಿಯ ಕಡೆಗೆ ವಾಲಿದ ಬಿಳಿ. ಎಲ್‌ಇಡಿ ದೀಪಗಳ ಪೆಟ್ಟಿಗೆಯ ಮೇಲೆ ಈ ಅಂಕಿಯನ್ನು ಮುದ್ರಿಸಿರುತ್ತಾರೆ, ಓದಿ ನೋಡಿ. ಅವ್ವನ ಅಡುಗೆಮನೆಯಲ್ಲಿದ್ದುದು 6500 ರ ಟ್ಯೂಬು. ಚಿತ್ರೀಕರಣಕ್ಕೆ ಮುಂಚೆ ನಮ್ಮ ಕ್ಯಾಮರಾಮನ್‌ಗಳು ಒಂದು ಬಿಳಿ ಹಾಳೆಯನ್ನು ಕ್ಯಾಮರಾದ ಮುಂದೆ ಹಿಡಿಯುತ್ತಾರೆ. ಇದನ್ನು ವೈಟ್ ಬ್ಯಾಲೆನ್ಸ್ ಎನ್ನುತ್ತೇವೆ. ಈ ಬೆಳಕಿನಲ್ಲಿ ಬಿಳಿ ಎಂದರೆ ಇದು ಎಂದು ಕ್ಯಾಮರಾಕ್ಕೆ ಹೇಳಿಕೊಡುವ ಕ್ರಮವದು. ನಮ್ಮ ಕಣ್ಣು ಮತ್ತು ಮೆದುಳು ಈ ಕೆಲಸವನ್ನು ತಾವಾಗಿಯೇ ಮಾಡಿಕೊಳ್ಳುತ್ತವೆ, ಆದರೆ ಪೂರ್ತಿಯಾಗಿ ಅಲ್ಲ. ಆ ಉಳಿದ ಕೊರತೆಯೇ ಗ್ರೇಜ್‌ನಂಥ ಬಣ್ಣಕ್ಕೆ ಮುಳುವು.

ಏಕೆ? ಕುಂಕುಮವನ್ನೂ ಗ್ರೇಜನ್ನೂ ಹೋಲಿಸಿ ನೋಡಿ. ಕುಂಕುಮ ಕೆಂಪು ಬೆಳಕನ್ನು ಬಹಳವಾಗಿ, ಹಸಿರು ನೀಲಿಗಳನ್ನು ಬಹಳ ಕಡಿಮೆಯಾಗಿ ಹಿಂದಕ್ಕೆ ಕಳುಹಿಸುತ್ತದೆ. ಬೆಳಕು ಸ್ವಲ್ಪ ಬದಲಾದರೂ ಅದು ಕೆಂಪಾಗಿಯೇ ಉಳಿಯುತ್ತದೆ. ಗ್ರೇಜ್ ಹಾಗಲ್ಲ. ಉದಾಹರಣೆಗೆ ಅದು ಕೆಂಪಿನಲ್ಲಿ ನೂರಕ್ಕೆ 60, ಹಸಿರಿನಲ್ಲಿ 57, ನೀಲಿಯಲ್ಲಿ 52 ಪಾಲನ್ನು ಹಿಂದಕ್ಕೆ ಕಳುಹಿಸುತ್ತದೆ ಎಂದಿಟ್ಟುಕೊಳ್ಳಿ. ತಕ್ಕಡಿ ಹೆಚ್ಚು ಕಡಿಮೆ ಸಮ. ಬೆಚ್ಚನೆಯ ಕಡೆಗೆ ಒಂದೆಳೆ ಮಾತ್ರ ವಾಲಿದೆ. ಬೆಳಕಿನಲ್ಲೇ ನೀಲಿ ತುಸು ಹೆಚ್ಚಾದರೆ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ. ಬೆಚ್ಚನೆಯ ಬಣ್ಣ ಎಂದು ಹಣ ಕೊಟ್ಟು ತಂದದ್ದು ತಣ್ಣಗಿನ ಬೂದಿಯಾಗುತ್ತದೆ.

ಮೂರನೆಯದು ನೆರೆಹೊರೆ. ಪ್ಯಾರಿಸ್ಸಿನ ಪ್ರಸಿದ್ಧ ಗೊಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗಕ್ಕೆ ಶೆವ್ರೂಲ್ ಎಂಬ ರಸಾಯನಶಾಸ್ತ್ರಜ್ಞ ಮುಖ್ಯಸ್ಥನಾಗಿದ್ದ. ಅಲ್ಲಿನ ಕಪ್ಪು ನೂಲು ಮಂಕಾಗಿ ಕಾಣುತ್ತದೆ ಎಂಬ ದೂರು ಅವನಿಗೆ ಬಂತು. ಪರೀಕ್ಷಿಸಿದಾಗ ಬಣ್ಣದಲ್ಲಿ ದೋಷವಿರಲಿಲ್ಲ. ಪಕ್ಕದಲ್ಲಿ ನೇಯ್ದಿದ್ದ ಬೇರೆ ಬಣ್ಣಗಳ ಪ್ರಭಾವದಿಂದ ಕಪ್ಪು ಹಾಗೆ ಕಾಣುತ್ತಿತ್ತು. ಈ ಕುರಿತ ಅವನ ಪುಸ್ತಕ 1839 ರಲ್ಲಿ ಪ್ರಕಟವಾಯಿತು. ಹಳದಿಯ ಪಕ್ಕದಲ್ಲಿಟ್ಟ ಬೂದು ನೀಲಿಯ ಕಡೆಗೆ ವಾಲಿದಂತೆ ಕಾಣುತ್ತದೆ. ಅವ್ವನ ಅಡುಗೆಮನೆಯ ಗೋಡೆ ತಿಳಿಹಳದಿ ಎಂದೆನಲ್ಲವೆ? ಕಿಟಕಿ, ದೀಪ, ಗೋಡೆ ಮೂರೂ ಸೇರಿ ಒಂದೇ ಕಡೆಗೆ ಎಳೆದಿದ್ದವು.

ಇನ್ನು ಪರಿಹಾರ. ಅಂಗಡಿಗೆ ಹೋಗಿ "ಇದಕ್ಕೆ ಒಂದಿಷ್ಟು ಹಳದಿ ಸೇರಿಸಿ" ಎಂದೆ. ಆತ ಹಳದಿ ಆಕ್ಸೈಡ್ ಸೇರಿಸಿ ಕಲೆಸಿ ಕೊಟ್ಟ. ಈ ಸಲ ಬಾಗಿಲಿಗೆ ಹಚ್ಚಲಿಲ್ಲ. ಒಂದಡಿ ಉದ್ದಗಲದ ಪ್ಲೈವುಡ್ ತುಂಡಿಗೆ ಎರಡು ಸಲ ಹಚ್ಚಿ ಒಣಗಲು ಬಿಟ್ಟೆ. ಒಣಗಿದಾಗ ಪಾಚಿಯ ಬಣ್ಣ! ಇದನ್ನು ನೀವೇ ಮಾಡಿ ನೋಡಬಹುದು. ಜಲವರ್ಣದ ಪೆಟ್ಟಿಗೆಯಲ್ಲಿ ಹಳದಿಗೆ ಒಂದು ತೊಟ್ಟು ಕಪ್ಪನ್ನು ಬೆರೆಸಿ. ಕೊಳಕು ಹಳದಿ ಬರುವುದಿಲ್ಲ, ಹಸಿರು ಬರುತ್ತದೆ. ಗ್ರೇಜ್ ಬಣ್ಣವನ್ನು ಬಿಳಿ, ಹಳದಿ, ಕಪ್ಪುಗಳಿಂದ ಮಾಡಿದಾಗ ಈ ಹಸಿರು ಒಳಗೆ ಅಡಗಿರುತ್ತದೆ. ಅದನ್ನು ಅಡಗಿಸಲು ಬೇಕಾದದ್ದು ಚೂರೇ ಚೂರು ಕೆಂಪು ಆಕ್ಸೈಡ್. ಮೂರನೆಯ ಹಲಗೆಗೆ ಹಾಗೆ ಮಾಡಿದೆವು.

ಮೂರೂ ಹಲಗೆಗಳಿಗೆ ಸುತ್ತ ಬಿಳಿ ಅಂಚು ಬಿಟ್ಟು, ಹಿಂದೆ 1, 2, 3 ಎಂದು ಬರೆದೆ. ಕಪಾಟಿನ ಬಾಗಿಲಿಗೆ ನೆಟ್ಟಗೆ ಒರಗಿಸಿಟ್ಟೆ. ಕಟ್ಟೆಯ ಮೇಲೆ ಮಲಗಿಸಿ ನೋಡಿದರೆ ಬೆಳಕು ಬೀಳುವ ರೀತಿಯೇ ಬೇರೆ. ಬೆಳಿಗ್ಗೆ ಚಹಾ ಮಾಡುವಾಗ, ಮಧ್ಯಾಹ್ನ, ಸಂಜೆ, ರಾತ್ರಿ ದೀಪ ಹಚ್ಚಿದ ಮೇಲೆ, ಹೀಗೆ ಮೂರು ದಿನ ನೋಡಿದೆವು. ದೀಪವನ್ನೂ ಬದಲಿಸಿ, 4000 ರ ಟ್ಯೂಬು ಹಾಕಿದೆ. ಆದರೆ ದೀಪವನ್ನೂ ಹಲಗೆಯನ್ನೂ ಒಟ್ಟಿಗೆ ಬದಲಿಸಲಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎಂಬುದು ನಿಮ್ಮ ಪ್ರಯೋಗಶಾಲೆಯಲ್ಲಿ ಹೇಳಿಕೊಡುವ ನಿಯಮ. ಅಡುಗೆಮನೆಯಲ್ಲೂ ಅದೇ ನಿಯಮ.

ಮೂರನೆಯ ದಿನ ಅವ್ವ 3 ನೆಯ ಹಲಗೆಯನ್ನು ಕೈಗೆ ತೆಗೆದುಕೊಂಡಳು. "ಇದು ನಿಮ್ಮಪ್ಪ ಗಿರಣಿಯಿಂದ ತರ್ತಿದ್ದ ಕೋರಾ ಬಟ್ಟೆ ಇದ್ದಂಗೈತೆ" ಎಂದಳು.

ನಾನು ಬೆರಗಾದೆ. ಗ್ರೇ ಮತ್ತು ಬೀಜ್ ಸೇರಿ ಗ್ರೇಜ್ ಆಯಿತೆಂದು ಇಂದು ಬಹಳ ಮಂದಿ ಹೇಳುತ್ತಾರೆ. ಆದರೆ ಪದ ಅದಕ್ಕಿಂತ ಹಳೆಯದು. ಫ್ರೆಂಚ್ ಭಾಷೆಯಲ್ಲಿ ಅದು ಕಚ್ಚಾ ರೇಷ್ಮೆಗೆ ಇದ್ದ ಹೆಸರು. ಜವಳಿ ಉದ್ಯಮದಲ್ಲಿ ಇಂದಿಗೂ ಮಗ್ಗದಿಂದ ಇಳಿದ, ಬಿಳುಪು ಮಾಡದ, ಬಣ್ಣ ಹಾಕದ ಬಟ್ಟೆಗೆ ಅದೇ ಹೆಸರು. ಬೀಜ್ ಎಂದರೂ ಮೊದಲು ಬಣ್ಣ ಹಾಕದ ಸಹಜ ಉಣ್ಣೆಯ ಬಟ್ಟೆಯೇ. ನಮ್ಮ ದಾವಣಗೆರೆ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರು. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆದರೆ ಆ ಬಟ್ಟೆಯ ಬಣ್ಣ ಗಿರಣಿ ಕಾರ್ಮಿಕನ ಹೆಂಡತಿಯ ನೆನಪಿನಲ್ಲಿ ಉಳಿದಿತ್ತು. ನಾನು ಬಣ್ಣದ ಪಟ್ಟಿಯಲ್ಲಿ ಹುಡುಕುತ್ತಿದ್ದುದನ್ನು ಅವಳು ಮೊದಲೇ ಬಲ್ಲಳು.

ನಿಮ್ಮ ಮನೆಯಲ್ಲಿ ಇಂಥ ಕೆಲಸ ನಡೆದಾಗ ನೆನಪಿಡಲು ಇನ್ನೆರಡು ಮಾತು. ಮೊದಲನೆಯದು, ಬಣ್ಣದ ಪಟ್ಟಿಯಲ್ಲಿ ಎಲ್‌ಆರ್‌ವಿ ಎಂಬ ಅಂಕಿ ಇದ್ದರೆ ನೋಡಿ. ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಷ್ಟು ಪಾಲು ಹಿಂದಕ್ಕೆ ಬರುತ್ತದೆ ಎಂಬುದನ್ನು ಅದು ಹೇಳುತ್ತದೆ. ಬೆಳಕು ಕಡಿಮೆಯಿರುವ ಅಡುಗೆಮನೆಗೆ 50 ಕ್ಕಿಂತ ಮೇಲಿನದು ಒಳ್ಳೆಯದು. ವಯಸ್ಸಾದವರ ಕಣ್ಣಿಗೆ ಹೆಚ್ಚು ಬೆಳಕು ಬೇಕು. ಕಪಾಟಿನ ಹಿಡಿಕೆಗಳು ಬಾಗಿಲಿನಲ್ಲಿ ಕರಗಿಹೋಗದೆ ಎದ್ದು ಕಾಣಬೇಕು. ಅವ್ವನ ಬಾಗಿಲುಗಳಿಗೆ ನಾವು ಕಪ್ಪು ಹಿಡಿಕೆ ಹಾಕಿಸಿದೆವು.

ಎರಡನೆಯದು ಆರೋಗ್ಯದ ಮಾತು. ಹಳೆಯ ಎನಾಮಲ್ ಬಣ್ಣಗಳಲ್ಲಿ ಸೀಸ ಇರಬಹುದು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲನ್ನು ಮೀರಬಾರದೆಂಬ ನಿಯಮ 2016 ರಲ್ಲಿ ಬಂದು, 2017 ರ ನವೆಂಬರ್ 1 ರಿಂದ ಜಾರಿಯಾಯಿತು. ಅದಕ್ಕೂ ಹಿಂದಿನ ಬಾಗಿಲುಗಳನ್ನು ಒಣಗಿದಂತೆಯೇ ಉಜ್ಜಿದರೆ ದೂಳಿನೊಂದಿಗೆ ಸೀಸವೂ ಏಳುತ್ತದೆ. ಮಕ್ಕಳ ಮೆದುಳಿನ ಬೆಳವಣಿಗೆಗೆ ಅದು ಕೇಡು. ನೀರು ಹಚ್ಚಿ ಉಜ್ಜಿಸಿ. ಕೆಲಸ ಮುಗಿದು, ಒದ್ದೆ ಬಟ್ಟೆಯಿಂದ ಎಲ್ಲವನ್ನೂ ಒರೆಸುವ ತನಕ ಚಿಕ್ಕ ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿರಿಸಿ.

ಕೊನೆಗೊಂದು ಮನೆಗೆಲಸ. ತಿಳಿ ಬೂದು ಬಣ್ಣದ ಒಂದು ರಟ್ಟನ್ನು ತೆಗೆದುಕೊಂಡು, ನಿಮ್ಮ ಅಡುಗೆಮನೆಯಲ್ಲಿ ದಿನಕ್ಕೆ ನಾಲ್ಕು ಸಲ ಒಂದೇ ಜಾಗದಲ್ಲಿಟ್ಟು ನೋಡಿ. ಕಂಡದ್ದನ್ನು ಬರೆದಿಡಿ. ಬಳಿಕ ಅಲ್ಲಿ ದಿನವೂ ಅಡುಗೆ ಮಾಡುವವರನ್ನು ಕರೆದು, ಅವರಿಗೆ ಹೇಗೆ ಕಾಣುತ್ತದೆ ಎಂದು ಕೇಳಿ. ಅವರ ಮಾತು ನಿಮ್ಮದಕ್ಕಿಂತ ಬೇರೆಯಾದರೆ ನಗಬೇಡಿ. ಅದನ್ನೂ ಬರೆದುಕೊಳ್ಳಿ.